ಟೆಹ್ರಾನ್ ಬಿಟ್ಟ ಮೇಲೆ ರಸೂಲೊಫ್ ಯಾರ ಕತೆ ಹೇಳಬೇಕು?

ಟೆಹ್ರಾನ್‌ನ ಒಂದು ಬ್ಯಾಂಕಿನಿಂದ ಹೊರಗೆ ಬರುತ್ತಿದ್ದ ಮನುಷ್ಯನೊಬ್ಬನನ್ನು ಇರಾನ್‌ನ ಸಿನಿಮಾ ನಿರ್ದೇಶಕ ಮೊಹಮ್ಮದ್ ರಸೂಲೊಫ್ ನೋಡಿದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ವರ್ಷಗಳ ಹಿಂದೆ ತಮ್ಮನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದ್ದ ಅಧಿಕಾರಿ ಅವನು. ರಸೂಲೊಫ್ ಅವನ ಹಿಂದೆಯೇ ನಡೆದರು. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯೋಣ ಅನಿಸಿತು. ಅಡ್ಡ ಹೋಗಿ ನಿಂತು, ಮನಸ್ಸಿನಲ್ಲಿದ್ದ ಪ್ರಶ್ನೆಗಳನ್ನೆಲ್ಲ ಕೂಗಿ ಕೇಳಿಬಿಡೋಣ ಅನಿಸಿತು. ಆದರೆ ಅವನ ಚಹರೆ, ಹಾವಭಾವ ನೋಡುತ್ತಾ ಹೋದಂತೆ ಅಲ್ಲಿ ಯಾವ ರಾಕ್ಷಸನೂ ಕಾಣಲಿಲ್ಲ. ಕಂಡದ್ದು ಒಬ್ಬ ಸಾಮಾನ್ಯ ಮನುಷ್ಯ, ಅಷ್ಟೇ.

ಇದನ್ನು ಅವರೇ ಹೇಳಿಕೊಂಡಿದ್ದಾರೆ. 2020ರಲ್ಲಿ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದ 'ದೇರ್ ಈಸ್ ನೋ ಈವಿಲ್' ಸಿನಿಮಾದ ಬೇರು ಇರುವುದು ಇಲ್ಲಿ. ಅದರ ಮೊದಲ ಕತೆಯ ನಾಯಕ ಹೆಂಡತಿ ಮಗಳನ್ನು ಕಾರಿನಲ್ಲಿ ಕರೆತರುತ್ತಾನೆ, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತಾನೆ, ಹೆಂಡತಿಯ ಕೂದಲಿಗೆ ಬಣ್ಣ ಹಚ್ಚುತ್ತಾನೆ. ರಾತ್ರಿ ಮೂರಕ್ಕೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಒಂದು ಗುಂಡಿ ಒತ್ತುತ್ತಾನೆ. ಗೋಡೆಯ ಆಚೆ ನೇಣಿಗೆ ಸಿದ್ಧವಾಗಿ ನಿಂತವರ ಕಾಲಡಿಯ ಹಲಗೆ ಜಾರುತ್ತದೆ.

ರಸೂಲೊಫ್ ಈಗ ಇರಾನ್‌ನಲ್ಲಿಲ್ಲ. 2024ರ ಮೇ ತಿಂಗಳಲ್ಲಿ ಅವರು ದೇಶ ಬಿಟ್ಟಿರುವ ಸುದ್ದಿ ಹೊರಬಿತ್ತು. ಎಂಟು ವರ್ಷ ಜೈಲು, ಛಡಿ ಏಟು, ದಂಡ, ಆಸ್ತಿ ಮುಟ್ಟುಗೋಲು, ಇಷ್ಟೂ ತಲೆಯ ಮೇಲಿತ್ತು. ಬೆಟ್ಟಗಳ ನಡುವೆ ನಡೆದುಕೊಂಡೇ ಗಡಿ ದಾಟಿದರು. ಆಮೇಲಿನ ಸುದ್ದಿಯೆಲ್ಲ ಗೆದ್ದು ಬಂದವನ ಕತೆಯ ಹಾಗೆ ಬರೆಯಲ್ಪಟ್ಟಿತು: ತಪ್ಪಿಸಿಕೊಂಡರು, ಫ್ರಾನ್ಸ್‌ನ ಕಾನ್ ಚಿತ್ರೋತ್ಸವ ತಲುಪಿದರು, ಚಪ್ಪಾಳೆ ಬಿತ್ತು, ಇನ್ನು ಯಾವ ತಡೆಯೂ ಇಲ್ಲ. ಈ ಕತೆ ಅರ್ಧ ಮಾತ್ರ ನಿಜ. ರಸೂಲೊಫ್ ಸಿನಿಮಾಗಳು ಹುಟ್ಟಿದ್ದೇ ಹೀಗೆ ಎದುರಾಬದುರು ಸಿಕ್ಕ ಮುಖಗಳಿಂದ. ಮೇಲಿನವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ, ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಊಟಕ್ಕೆ ಕೂರುವ ಜನರ ಮುಖಗಳು ಅವು. ಗಡಿ ದಾಟಿದ ದಿನ ಸರ್ಕಾರದ ಅನುಮತಿ ಬೇಕಾಗಿಲ್ಲ ಅಂತಾಯಿತು. ಅದೇ ದಿನ ಆ ಮುಖಗಳೂ ದೂರವಾದವು. ಈ ನಷ್ಟದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ರಸೂಲೊಫ್ ಹುಟ್ಟಿದ್ದು 1972ರಲ್ಲಿ, ಶಿರಾಜ್‌ನಲ್ಲಿ. ಓದಿದ್ದು ಸಮಾಜಶಾಸ್ತ್ರ. ಆ ಓದು ಅವರ ಸಿನಿಮಾಗಳಲ್ಲಿ ಎದ್ದು ಕಾಣುತ್ತದೆ. ಒಬ್ಬ ವ್ಯಕ್ತಿ ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ, ಅವನನ್ನು ಹೀಗೆ ನಡೆದುಕೊಳ್ಳುವಂತೆ ಮಾಡಿದ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಕಡೆಗೇ ಅವರ ಕಣ್ಣು. ಮೊದಲ ಸಿನಿಮಾ 2002ರಲ್ಲಿ ಬಂತು. 2005ರ 'ಐರನ್ ಐಲ್ಯಾಂಡ್'ನಲ್ಲಿ ಸಮುದ್ರದ ನಡುವೆ ಕೈಬಿಟ್ಟ ಹಳೆಯ ತೈಲ ಹಡಗೊಂದರಲ್ಲಿ ಬಡ ಕುಟುಂಬಗಳು ವಾಸ ಮಾಡುತ್ತವೆ. ಅವರೆಲ್ಲರ ಅನ್ನ, ಮದುವೆ, ಶಿಕ್ಷೆ ಎಲ್ಲವೂ ಒಬ್ಬ ಕ್ಯಾಪ್ಟನ್ ಕೈಯಲ್ಲಿ. ಹಡಗು ಮಾತ್ರ ನಿಧಾನವಾಗಿ ಮುಳುಗುತ್ತಿರುತ್ತದೆ. 2009ರ 'ದಿ ವೈಟ್ ಮೆಡೋಸ್'ನಲ್ಲಿ ದೋಣಿಯವನೊಬ್ಬ ದ್ವೀಪದಿಂದ ದ್ವೀಪಕ್ಕೆ ಹೋಗಿ ಜನರ ಕಣ್ಣೀರನ್ನು ಸೀಸೆಯಲ್ಲಿ ತುಂಬಿಕೊಳ್ಳುತ್ತಾನೆ. ಇದನ್ನು ಶೂಟ್ ಮಾಡಿದ್ದು ಉಪ್ಪುಗಟ್ಟಿದ ಉರ್ಮಿಯಾ ಸರೋವರದಲ್ಲಿ. ಎಡಿಟ್ ಮಾಡಿದ್ದು ಇರಾನ್‌ನ ಇನ್ನೊಬ್ಬ ಹೆಸರಾಂತ ನಿರ್ದೇಶಕ ಜಾಫರ್ ಪನಾಹಿ.

ಇವೆಲ್ಲ ಒಗಟಿನ ಹಾಗಿದ್ದ ಸಿನಿಮಾಗಳು. ಹೇಳಬೇಕಾದ್ದನ್ನು ಬೇರೆ ಏನನ್ನೋ ತೋರಿಸಿ ಹೇಳುವ ದಾರಿ. ಇರಾನ್‌ನ ಸಿನಿಮಾ ಈ ದಾರಿಯಲ್ಲಿ ಪಳಗಿದ್ದಕ್ಕೆ ಕಾರಣವಿದೆ. ಅಲ್ಲಿ ಸಿನಿಮಾ ಮಾಡಲು ಸಂಸ್ಕೃತಿ ಮತ್ತು ಇಸ್ಲಾಮಿಕ್ ಮಾರ್ಗದರ್ಶನ ಸಚಿವಾಲಯದ ಅನುಮತಿ ಬೇಕು. ಮುಗಿದ ಮೇಲೆ ಥಿಯೇಟರ್‌ನಲ್ಲಿ ತೋರಿಸಲು ಇನ್ನೊಂದು ಅನುಮತಿ ಬೇಕು. ನಡುವೆ ಎಷ್ಟೋ ಲಿಖಿತ, ಅಲಿಖಿತ ನಿಯಮಗಳು. ಹೆಣ್ಣು ಪಾತ್ರ ತನ್ನ ಮನೆಯೊಳಗೆ, ಒಬ್ಬಳೇ ಮಲಗಿದ್ದರೂ ತಲೆಯ ಮೇಲೆ ಬಟ್ಟೆ ಇರಬೇಕು. ಯಾವ ಮನೆಯಲ್ಲಿ ಹೀಗಿರುತ್ತಾರೆ? ಆದರೆ ತೆರೆಯ ಮೇಲೆ ನಾಲ್ಕು ದಶಕಗಳಿಂದ ಹೀಗೇ ಇದೆ. ಈ ಕಟ್ಟುಪಾಡಿನ ನಡುವೆಯೇ ಮಕ್ಕಳ ಕತೆ, ಹಳ್ಳಿಯ ಕತೆ, ದಾರಿಯ ಕತೆ ಹೇಳುತ್ತಾ ಅಲ್ಲಿನ ನಿರ್ದೇಶಕರು ಜಗತ್ತಿನ ದೊಡ್ಡ ಸಿನಿಮಾಗಳನ್ನು ಕೊಟ್ಟರು.

ರಸೂಲೊಫ್ ಒಂದು ಹಂತದಲ್ಲಿ ಈ ದಾರಿ ಬಿಟ್ಟರು. ಒಗಟಿನಲ್ಲಿ ಮಾತಾಡುವುದು ಕೂಡ ಒಂದು ಬಗೆಯಲ್ಲಿ ಅಧಿಕಾರಕ್ಕೆ ತಲೆಬಾಗಿದ ಹಾಗೆ ಎಂದು ಅವರಿಗೆ ಅನಿಸತೊಡಗಿತು. ನನ್ನ ಪ್ರಕಾರ ಅವರ ಬದುಕಿನ ನಿಜವಾದ ತಿರುವು ಇದೇ. 2024ರ ಗಡಿ ದಾಟುವಿಕೆ ಇದರ ಮುಂದುವರಿದ ಭಾಗ ಮಾತ್ರ.

ಆ ತಿರುವಿಗೆ ಒಂದು ದಿನಾಂಕ ಕೊಡಬೇಕೆಂದರೆ 2010ರ ಮಾರ್ಚ್ ತಿಂಗಳನ್ನು ಹೇಳಬಹುದು. 2009ರ ಅಧ್ಯಕ್ಷೀಯ ಚುನಾವಣೆಯ ನಂತರ ಇರಾನ್‌ನಲ್ಲಿ ದೊಡ್ಡ ಪ್ರತಿಭಟನೆ ಎದ್ದಿತ್ತು. ಮಾರ್ಚ್‌ನಲ್ಲಿ ಪೊಲೀಸರು ಪನಾಹಿ ಮನೆಗೆ ನುಗ್ಗಿ ಅಲ್ಲಿದ್ದವರನ್ನೆಲ್ಲ ಹಿಡಿದರು. ಅದರಲ್ಲಿ ರಸೂಲೊಫ್ ಕೂಡ ಇದ್ದರು. ವರ್ಷದ ಕೊನೆಗೆ ಇಬ್ಬರಿಗೂ ಆರು ವರ್ಷ ಜೈಲು ಎಂಬ ತೀರ್ಪು ಬಂತು. ಮೇಲ್ಮನವಿಯಲ್ಲಿ ರಸೂಲೊಫ್ ಶಿಕ್ಷೆ ಒಂದು ವರ್ಷಕ್ಕೆ ಇಳಿಯಿತು. ಆದರೂ ಆಗ ಅವರನ್ನು ಜೈಲಿಗೆ ಕಳುಹಿಸಲಿಲ್ಲ. ತೀರ್ಪು ಇದೆ, ಜಾರಿಯಾಗಿಲ್ಲ. ಯಾವಾಗ ಬೇಕಾದರೂ ಬಾಗಿಲು ಬಡಿಯಬಹುದು. ಇರಾನ್‌ನ ಕಲಾವಿದರ ಮೇಲೆ ಸರ್ಕಾರ ಇಡುವ ಹಿಡಿತ ಬಹುಪಾಲು ಇಂಥದ್ದೇ.

2011ರಲ್ಲಿ ಅವರು ಮಾಡಿದ 'ಗುಡ್‌ಬೈ' ಸಿನಿಮಾದ ನಾಯಕಿ ಒಬ್ಬ ವಕೀಲೆ. ಅವಳಿಗೆ ವಕೀಲಿ ಮಾಡುವ ಪರವಾನಗಿ ಇಲ್ಲ. ಗರ್ಭಿಣಿ. ಹೇಗಾದರೂ ದೇಶ ಬಿಟ್ಟು ಹೋಗಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಕಾನ್‌ನ 'ಅನ್ ಸರ್ಟೆನ್ ರಿಗಾರ್ಡ್' ವಿಭಾಗದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಬಂತು. 2013ರ 'ಮ್ಯಾನುಸ್ಕ್ರಿಪ್ಟ್ಸ್ ಡೋಂಟ್ ಬರ್ನ್' ಇನ್ನೂ ನೇರ. 1990ರ ದಶಕದಲ್ಲಿ ಇರಾನ್‌ನ ಲೇಖಕರನ್ನು, ಚಿಂತಕರನ್ನು ಒಬ್ಬೊಬ್ಬರಾಗಿ ಕೊಂದ ಸರಣಿ ಹತ್ಯೆಗಳ ಹಿನ್ನೆಲೆ ಅದಕ್ಕಿದೆ. ಆರ್ಮೇನಿಯಾಕ್ಕೆ ಹೊರಟಿದ್ದ ಲೇಖಕರ ಬಸ್ಸನ್ನು ಕಣಿವೆಗೆ ಉರುಳಿಸಲು ನಡೆದ ಪ್ರಯತ್ನ ಅದರಲ್ಲಿ ಬರುತ್ತದೆ. ಸಿನಿಮಾದ ಕೊನೆಗೆ ಕಲಾವಿದರ, ತಂತ್ರಜ್ಞರ ಹೆಸರುಗಳಿಲ್ಲ. ಹಾಕಿದ್ದರೆ ಅದೇ ಅವರ ಮೇಲಿನ ದೋಷಾರೋಪ ಪಟ್ಟಿ ಆಗುತ್ತಿತ್ತು. ಆ ಸಿನಿಮಾದಲ್ಲಿ ಮೈ ಜುಂ ಅನ್ನಿಸುವುದು ಕೊಲೆಯ ದೃಶ್ಯಗಳಿಗಿಂತ ಕೊಲೆಗಾರನ ಮನೆಯ ಚಿಂತೆ. ಅವನ ಮಗುವಿಗೆ ಹುಷಾರಿಲ್ಲ, ಆಸ್ಪತ್ರೆಗೆ ದುಡ್ಡು ಬೇಕು. ಮಾಡಿದ ಕೆಲಸದ ಹಣ ಇನ್ನೂ ಖಾತೆಗೆ ಬಂದಿಲ್ಲ.

ವಾಪಸ್ ಬಂದವರು

ಒಂದು ವಿಷಯವನ್ನು ಬಹಳ ಜನ ಮರೆತುಬಿಡುತ್ತಾರೆ. ರಸೂಲೊಫ್‌ಗೆ ಹೊರಗಿರುವ ಅವಕಾಶ ಮೊದಲೇ ಇತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅವರು ಕೆಲವು ಕಾಲ ಇದ್ದರು. ಮಗಳು ಬಾರಾನ್ ಅಲ್ಲೇ ಇದ್ದಳು. 2017ರಲ್ಲಿ 'ಎ ಮ್ಯಾನ್ ಆಫ್ ಇಂಟೆಗ್ರಿಟಿ' ಕಾನ್‌ನ ಅದೇ ವಿಭಾಗದ ಮೊದಲ ಬಹುಮಾನ ಗೆದ್ದಿತು. ಲಂಚ ಕೊಡಲು ಒಪ್ಪದೆ ಗೋಲ್ಡ್ ಫಿಶ್ ಸಾಕಿ ಬದುಕಲು ಹೊರಟವನೊಬ್ಬನನ್ನು ಇಡೀ ಊರೇ ಸೇರಿ ಮುರಿಯುವ ಕತೆ ಅದು. ಇಂಥ ಸಿನಿಮಾ ತೋರಿಸಿದ ಮೇಲೆ ಹೊರಗೇ ಉಳಿಯಬಹುದಿತ್ತು. ಉಳಿಯಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಟೆಹ್ರಾನ್‌ಗೆ ಮರಳಿದರು. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ಕಿತ್ತುಕೊಂಡರು. 2019ರಲ್ಲಿ ಒಂದು ವರ್ಷ ಜೈಲು, ಎರಡು ವರ್ಷ ದೇಶ ಬಿಡಬಾರದು ಎಂಬ ತೀರ್ಪು ಬಂತು.

ಆ ಸ್ಥಿತಿಯಲ್ಲಿ 'ದೇರ್ ಈಸ್ ನೋ ಈವಿಲ್' ಹೇಗೆ ಮಾಡಿದರು? ಇಲ್ಲಿ ಅವರ ಜಾಣತನ ನೋಡಬೇಕು. ಪೂರ್ಣ ಪ್ರಮಾಣದ ಸಿನಿಮಾ ಅಂದರೆ ಅಧಿಕಾರಿಗಳ ಕಣ್ಣು ಬೀಳುತ್ತದೆ. ಕಿರುಚಿತ್ರದ ಕಡೆ ಅಷ್ಟು ಗಮನ ಇರುವುದಿಲ್ಲ. ಹಾಗಾಗಿ ನಾಲ್ಕು ಬೇರೆ ಬೇರೆ ಕಿರುಚಿತ್ರಗಳೆಂದು ಬೇರೆಯವರ ಹೆಸರಿನಲ್ಲಿ ಅರ್ಜಿ ಹೋಯಿತು. ಕಾಗದದ ಮೇಲೆ ರಸೂಲೊಫ್ ಹೆಸರೇ ಇಲ್ಲ. ಟೆಹ್ರಾನ್‌ನಿಂದ ದೂರದ ಜಾಗಗಳಲ್ಲೂ ಶೂಟಿಂಗ್ ನಡೆಯಿತು. ನಾಲ್ಕೂ ಕತೆ ಸೇರಿದಾಗ ಮರಣದಂಡನೆಯ ಸುತ್ತ ಒಂದು ಸಿನಿಮಾ ಆಯಿತು. ಕಡ್ಡಾಯ ಸೇನಾ ಸೇವೆಗೆ ಬಂದ ಹುಡುಗರಿಗೆ ನೇಣು ಹಾಕುವ ಕೆಲಸ ಕೊಡುತ್ತಾರೆ. ಮಾಡಲ್ಲ ಅಂದರೆ ಸೇವೆ ಮುಗಿಯುವುದಿಲ್ಲ. ಸೇವೆ ಮುಗಿಯದಿದ್ದರೆ ಪಾಸ್‌ಪೋರ್ಟ್ ಇಲ್ಲ, ಬದುಕೇ ಮುಂದೆ ಹೋಗುವುದಿಲ್ಲ. 'ಇಲ್ಲ' ಅನ್ನುವ ಒಂದು ಮಾತಿಗೆ ಯಾರು ಎಷ್ಟು ಕಳೆದುಕೊಂಡರು ಅನ್ನುವುದೇ ನಾಲ್ಕೂ ಕತೆಗಳ ಒಳಗಿರುವ ಎಳೆ. ಬರ್ಲಿನ್‌ನಲ್ಲಿ ಪ್ರಶಸ್ತಿ ಕೊಟ್ಟಾಗ ರಸೂಲೊಫ್ ಇರಲಿಲ್ಲ. ಸಿನಿಮಾದಲ್ಲಿ ನಟಿಸಿದ್ದ ಬಾರಾನ್ ವೇದಿಕೆ ಹತ್ತಿದಳು.

2022ರ ಮೇ 23ರಂದು ಇರಾನ್‌ನ ಆಬಾದಾನ್ ನಗರದಲ್ಲಿ ಮೆಟ್ರೊಪೋಲ್ ಎಂಬ ಕಟ್ಟಡ ಕುಸಿಯಿತು. 40ಕ್ಕೂ ಹೆಚ್ಚು ಜನ ಸತ್ತರು. ಭ್ರಷ್ಟಾಚಾರದಿಂದಲೇ ಹೀಗಾಯಿತೆಂದು ಜನ ಬೀದಿಗಿಳಿದರು. ಅವರ ಮೇಲೆ ಪಡೆಗಳು ಮುಗಿಬಿದ್ದಾಗ, ಬಂದೂಕು ಕೆಳಗಿಡಿ ಎಂದು ಸಿನಿಮಾ ಮಂದಿ ಒಂದು ಹೇಳಿಕೆಗೆ ಸಹಿ ಹಾಕಿದರು. ಜುಲೈನಲ್ಲಿ ರಸೂಲೊಫ್ ಮತ್ತು ಇನ್ನೊಬ್ಬ ನಿರ್ದೇಶಕ ಮುಸ್ತಫಾ ಆಲ್ ಅಹ್ಮದ್ ಬಂಧನವಾಯಿತು. ಅವರು ಎಲ್ಲಿದ್ದಾರೆ ಎಂದು ಕೇಳಲು ಹೋದ ಪನಾಹಿಯನ್ನೂ ಒಳಗೆ ಹಾಕಿದರು.

ಟೆಹ್ರಾನ್‌ನ ಎವಿನ್ ಜೈಲಿನಲ್ಲಿ ಒಂದು ದಿನ ಹಿರಿಯ ಅಧಿಕಾರಿಯೊಬ್ಬ ರಸೂಲೊಫ್‌ರನ್ನು ಪಕ್ಕಕ್ಕೆ ಕರೆದ. ಕೈಗೆ ಒಂದು ಪೆನ್ ಕೊಟ್ಟ. ಆಮೇಲೆ ತನ್ನ ಕತೆ ಹೇಳಿಕೊಂಡ. ದಿನಾ ಜೈಲಿನ ಬಾಗಿಲು ದಾಟುವಾಗ, ಇಲ್ಲೇ ನೇಣು ಹಾಕಿಕೊಂಡುಬಿಡಲಾ ಅಂತ ಯೋಚನೆ ಬರುತ್ತದಂತೆ. ನೀವು ಮಾಡುವ ಕೆಲಸ ಏನು ಎಂದು ಮನೆಯಲ್ಲಿ ಮಕ್ಕಳೇ ಕೇಳುತ್ತಾರಂತೆ. ಬಿಡುವ ಧೈರ್ಯವೂ ಇಲ್ಲ, ಮಾಡಿಕೊಂಡು ಹೋಗುವ ಮನಸ್ಸೂ ಇಲ್ಲ. 'ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್' ಸಿನಿಮಾದ ಬೀಜ ಈ ಮಾತಿನಲ್ಲಿದೆ. ಬ್ಯಾಂಕಿನ ಹೊರಗೆ ಕಂಡ ಅಧಿಕಾರಿ ಒಂದು ಸಿನಿಮಾ ಕೊಟ್ಟ. ಪೆನ್ ಕೊಟ್ಟವನು ಇನ್ನೊಂದು. ಇವರಿಬ್ಬರನ್ನೂ ಹ್ಯಾಂಬರ್ಗ್‌ನಲ್ಲಿ ಕೂತು ಕಲ್ಪಿಸಿಕೊಳ್ಳಲು ಆಗುತ್ತಿತ್ತೇ? ನನಗೆ ಅನುಮಾನ.

ಆದರೆ ಇದೇ ಸಿನಿಮಾದ ಇನ್ನೊಂದು ಮುಖ ನನ್ನ ಮಾತಿಗೆ ಅಡ್ಡ ನಿಲ್ಲುತ್ತದೆ. 2022ರ ಸೆಪ್ಟೆಂಬರ್ 16ರಂದು ಮಹ್ಸಾ ಅಮಿನಿ ಪೊಲೀಸರ ವಶದಲ್ಲಿದ್ದಾಗಲೇ ಸತ್ತಳು. ಹಿಜಾಬ್ ಸರಿಯಾಗಿ ಹಾಕಿಲ್ಲ ಎಂದು ಅವಳನ್ನು ಹಿಡಿದಿದ್ದರು. 'ಮಹಿಳೆ, ಬದುಕು, ಸ್ವಾತಂತ್ರ್ಯ' ಎಂಬ ಕೂಗು ದೇಶವೆಲ್ಲ ಹಬ್ಬಿತು. ಆಗ ರಸೂಲೊಫ್ ಜೈಲಿನಲ್ಲಿದ್ದರು. ತಮ್ಮ ಕಾಲದ ಅತಿ ದೊಡ್ಡ ಘಟನೆಯನ್ನು ಅವರು ಬೀದಿಯಲ್ಲಿ ನಿಂತು ನೋಡಲೇ ಇಲ್ಲ. 2023ರ ಫೆಬ್ರುವರಿಯಲ್ಲಿ ಹೊರಬಂದ ಮೇಲೆ ನೋಡಿದ್ದು ಜನ ಮೊಬೈಲ್‌ನಲ್ಲಿ ತೆಗೆದ ವಿಡಿಯೊಗಳನ್ನು. ಅವೇ ವಿಡಿಯೊಗಳು ಸಿನಿಮಾದೊಳಗೆ ಹಾಗೇ ಬಂದಿವೆ. ಉದ್ದುದ್ದ, ಅಲುಗಾಡುವ, ಓಡುತ್ತಾ ತೆಗೆದ ದೃಶ್ಯಗಳು. ಅಂದರೆ ಬೀದಿಯ ಸತ್ಯ ದೂರದಲ್ಲಿದ್ದವನಿಗೂ ತಲುಪುತ್ತದೆ, ಫೋನ್ ತಲುಪಿಸುತ್ತದೆ. ಅಧಿಕಾರಿಯ ಮನಸ್ಸಿನೊಳಗಿನ ಸಂಕಟವನ್ನು ಯಾವ ಫೋನೂ ತಲುಪಿಸುವುದಿಲ್ಲ. ಅದಕ್ಕೆ ಎದುರಿಗೆ ಇರಬೇಕು.

ಮುಚ್ಚಿದ ಮನೆಯೊಳಗೆ

ಸಿನಿಮಾದಲ್ಲಿ ಇಮಾನ್ ಎಂಬವನಿಗೆ ಕ್ರಾಂತಿಕಾರಿ ನ್ಯಾಯಾಲಯದಲ್ಲಿ ತನಿಖಾ ನ್ಯಾಯಾಧೀಶನಾಗಿ ಬಡ್ತಿ ಸಿಗುತ್ತದೆ. ಜೊತೆಗೆ ರಕ್ಷಣೆಗೆಂದು ಒಂದು ಪಿಸ್ತೂಲು. ಫೈಲ್ ಓದದೆಯೇ ಮರಣದಂಡನೆಗೆ ಸಹಿ ಹಾಕಬೇಕು ಅನ್ನುತ್ತಾರೆ. ಮೊದಲು ಹಿಂಜರಿಯುತ್ತಾನೆ, ಆಮೇಲೆ ಒಗ್ಗಿಕೊಳ್ಳುತ್ತಾನೆ. ಹೆಂಡತಿ ನಜ್ಮೆಗೆ ದೊಡ್ಡ ಮನೆ ಸಿಗುವ ಆಸೆ. ಇಬ್ಬರು ಹೆಣ್ಣುಮಕ್ಕಳು ಫೋನ್‌ನಲ್ಲಿ ಬೀದಿಯ ವಿಡಿಯೊ ನೋಡುತ್ತಿರುತ್ತಾರೆ. ಒಂದು ದಿನ ಪಿಸ್ತೂಲು ಕಾಣೆಯಾಗುತ್ತದೆ. ಅಲ್ಲಿಂದ ಅಪ್ಪ ಮನೆಯವರನ್ನೇ ಆರೋಪಿಗಳಂತೆ ನೋಡತೊಡಗುತ್ತಾನೆ.

ಇದರಲ್ಲಿ ಒಂದು ದೃಶ್ಯ ನೋಡಿದವರು ಮರೆಯಲಾರರು. ದೊಡ್ಡ ಮಗಳ ಗೆಳತಿಯ ಮುಖಕ್ಕೆ ಪೊಲೀಸರ ಪೆಲೆಟ್ ಗುಂಡುಗಳು ತಾಗಿವೆ. ಆಸ್ಪತ್ರೆಗೆ ಹೋದರೆ ಅಲ್ಲೇ ಹಿಡಿಯುತ್ತಾರೆ. ಹುಡುಗಿಯನ್ನು ಮನೆಯೊಳಗೆ ಸೇರಿಸಿಕೊಳ್ಳಲು ನಜ್ಮೆಗೆ ಇಷ್ಟವಿಲ್ಲ, ಗಂಡನ ಕೆಲಸಕ್ಕೆ ಕುತ್ತು. ಆದರೂ ಚಿಮುಟ ತೆಗೆದುಕೊಂಡು ಒಂದೊಂದಾಗಿ ಆ ಗುಂಡುಗಳನ್ನು ಕೀಳುತ್ತಾಳೆ. ಕ್ಯಾಮೆರಾ ಆ ಊದಿದ ಮುಖದಿಂದ ಅಲ್ಲಾಡುವುದಿಲ್ಲ. ಕಿತ್ತ ಸೀಸದ ಕಾಳುಗಳು ಬೇಸಿನ್ನಿಗೆ ಬೀಳುತ್ತವೆ. ಸರ್ಕಾರದ ಪರ ಮಾತಾಡುತ್ತಿದ್ದ ತಾಯಿಯ ಕೈಯಲ್ಲೇ ಆ ಸರ್ಕಾರದ ಗುಂಡು ಸಿಕ್ಕಿದೆ. ಒಂದು ಸಾಲಿನ ಭಾಷಣವೂ ಇಲ್ಲ.

ಈ ಹೆಂಗಸರು ಮನೆಯೊಳಗೆ ತಲೆಗೂದಲು ಬಿಟ್ಟುಕೊಂಡೇ ಓಡಾಡುತ್ತಾರೆ. ನಿಜವಾದ ಮನೆಗಳಲ್ಲಿ ಇರುವ ಹಾಗೆ. ಇಷ್ಟೇ ಸಾಕು, ಇರಾನ್‌ನಲ್ಲಿ ಆ ಸಿನಿಮಾ ಕಾನೂನುಬಾಹಿರ ಆಗಲು. ಸಿನಿಮಾದ ಹೆಸರಿನಲ್ಲಿರುವ 'ಸೇಕ್ರೆಡ್ ಫಿಗ್' ನಮ್ಮ ಅರಳಿ ಮರವೇ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಬೇರೊಂದು ಮರದ ಮೇಲೆ ಮೊಳೆತು, ಬೇರು ಇಳಿಬಿಟ್ಟು, ಕೊನೆಗೆ ಆಸರೆ ಕೊಟ್ಟ ಮರವನ್ನೇ ಬಿಗಿಯುತ್ತದೆ. ರಸೂಲೊಫ್ ತಮ್ಮ ದೇಶದ ಆಳ್ವಿಕೆಯನ್ನು ಕಂಡದ್ದು ಹೀಗೆ.

2023ರ ಕೊನೆಯಿಂದ 2024ರ ಮಾರ್ಚ್‌ವರೆಗೆ, ಸುಮಾರು 70 ದಿನ, ಕದ್ದುಮುಚ್ಚಿ ಶೂಟಿಂಗ್ ನಡೆಯಿತು. ಸಣ್ಣ ತಂಡ, ಕಡಿಮೆ ಸಲಕರಣೆ. ಬಹುಪಾಲು ದೃಶ್ಯಗಳು ಮುಚ್ಚಿದ ಮನೆಯೊಳಗೆ, ಯಾಕೆಂದರೆ ಹೊರಗೆ ಅಪಾಯ. ಎಷ್ಟೋ ಸಲ ರಸೂಲೊಫ್ ಸೆಟ್‌ನಲ್ಲಿ ಇರುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ ಕೂತು ಸಹಾಯಕರ ಮೂಲಕ, ಪರದೆಯ ಮೂಲಕ ನಿರ್ದೇಶನ ಮಾಡುತ್ತಿದ್ದರು. ದೃಶ್ಯಗಳನ್ನು ಹೊರಗೆ ಸಾಗಿಸಿ ಜರ್ಮನಿಯಲ್ಲಿ ಎಡಿಟಿಂಗ್ ಮಾಡಿಸಿದರು.

ಶೂಟಿಂಗ್ ಮುಗಿಯುವ ಹೊತ್ತಿಗೆ ಎಂಟು ವರ್ಷದ ಜೈಲು ಶಿಕ್ಷೆ ಗಟ್ಟಿಯಾಗುವ ಸೂಚನೆ ಸಿಕ್ಕಿತು. ಹೊಸ ಸಿನಿಮಾ ವಿಷಯ ಹೊರಬಿದ್ದರೆ ಇನ್ನಷ್ಟು ವರ್ಷ ಸೇರುವುದು ಖಚಿತ. ಕೆಲವೇ ಗಂಟೆಗಳಲ್ಲಿ ತೀರ್ಮಾನ ಮಾಡಬೇಕಿತ್ತು. ಫೋನ್, ಕಂಪ್ಯೂಟರ್ ಎಲ್ಲ ಬಿಟ್ಟರು. ಜೈಲಿನಲ್ಲಿ ಪರಿಚಯವಾದವರ ಮೂಲಕ ಗಡಿಯ ದಾರಿ ಗೊತ್ತಿದ್ದವರು ಸಿಕ್ಕರು. ಒಂದು ಸುರಕ್ಷಿತ ಜಾಗದಿಂದ ಇನ್ನೊಂದಕ್ಕೆ, ಆಮೇಲೆ ಬೆಟ್ಟದ ದಾರಿಯಲ್ಲಿ ಕಾಲ್ನಡಿಗೆ. ಪಾಸ್‌ಪೋರ್ಟ್ 2017ರಿಂದಲೇ ಇಲ್ಲ. ಗಡಿಯ ಆಚೆ ಜರ್ಮನಿಯ ಕಾನ್ಸುಲೇಟ್ ತಲುಪಿದಾಗ, ಹಿಂದೆ ಅಲ್ಲಿ ವಾಸವಿದ್ದಾಗ ಕೊಟ್ಟಿದ್ದ ಬೆರಳಚ್ಚಿನಿಂದ ಅವರ ಗುರುತು ಹಿಡಿದರು. ಇಡೀ ಪ್ರಯಾಣಕ್ಕೆ 28 ದಿನ ಹಿಡಿಯಿತು. ಹೊರಟ ಮೇಲೆ ಕೊಟ್ಟ ಹೇಳಿಕೆಯಲ್ಲಿ ಅವರು ಎರಡು ಇರಾನ್‌ಗಳ ಬಗ್ಗೆ ಹೇಳಿದರು. ನಕ್ಷೆಯಲ್ಲಿರುವ ಇರಾನ್ ಒಂದು. ದೇಶ ಬಿಟ್ಟ ಲಕ್ಷಾಂತರ ಜನರ ಮನಸ್ಸಿನಲ್ಲಿ ಬದುಕಿರುವ ಸಾಂಸ್ಕೃತಿಕ ಇರಾನ್ ಇನ್ನೊಂದು. ತಾವಿನ್ನು ಆ ಎರಡನೆಯದರ ನಿವಾಸಿ ಎಂದರು.

ಉಳಿದವರ ಪಾಡು

2024ರ ಮೇ 24ರಂದು ಕಾನ್‌ನಲ್ಲಿ ಸಿನಿಮಾ ತೋರಿಸಿದರು. ಕೆಂಪು ಹಾಸಿನ ಮೇಲೆ ರಸೂಲೊಫ್ ಎರಡು ಫೋಟೊ ಎತ್ತಿ ಹಿಡಿದು ನಿಂತಿದ್ದರು. ಒಂದು ಇಮಾನ್ ಪಾತ್ರದ ಮಿಸಾಗ್ ಜಾರೆ ಅವರದು. ಇನ್ನೊಂದು ನಜ್ಮೆಯಾಗಿ ನಟಿಸಿದ ಸೊಹೇಲಾ ಗೊಲೆಸ್ತಾನಿ ಅವರದು. ಇಬ್ಬರಿಗೂ ಇರಾನ್‌ನಿಂದ ಹೊರಗೆ ಬರಲು ಆಗಲಿಲ್ಲ. ಗೊಲೆಸ್ತಾನಿ 2022ರಲ್ಲಿ ತಲೆಯ ಮೇಲೆ ಬಟ್ಟೆ ಇಲ್ಲದೆ ವಿಡಿಯೊದಲ್ಲಿ ಕಾಣಿಸಿಕೊಂಡಿದ್ದಕ್ಕೆ ಆಗಲೇ ಬಂಧನ ಕಂಡಿದ್ದವರು. ಸಿನಿಮಾಗೆ ವಿಶೇಷ ತೀರ್ಪುಗಾರರ ಪ್ರಶಸ್ತಿ ಬಂತು.

ಅದಕ್ಕೆ ಮೊದಲೇ ಟೆಹ್ರಾನ್‌ನಲ್ಲಿ ತಂಡದವರ ಮೇಲೆ ಒತ್ತಡ ಶುರುವಾಗಿತ್ತು. ನಟರನ್ನು ಗಂಟೆಗಟ್ಟಲೆ ಕೂರಿಸಿ ವಿಚಾರಣೆ ಮಾಡಿದರು. ಕೆಲವರ ಮನೆಯವರನ್ನೂ ಕರೆಸಿದರು. ಛಾಯಾಗ್ರಾಹಕರ ಕಚೇರಿಯ ಮೇಲೆ ದಾಳಿಯಾಯಿತು. ಸಿನಿಮಾ ವಾಪಸ್ ತೆಗೆದುಕೊಳ್ಳಲು ನಿರ್ದೇಶಕರಿಗೆ ಹೇಳಿ ಅಂತ ಅವರೆಲ್ಲರ ಮೇಲೆ ಒತ್ತಡ ಹಾಕಿದರು. ಆಮೇಲೆ ಕೇಸುಗಳಾದವು. ವ್ಯವಸ್ಥೆಯ ವಿರುದ್ಧ ಪ್ರಚಾರ, ಅಶ್ಲೀಲತೆ ಹರಡುವುದು ಎಂಬ ಆರೋಪಗಳು. ಕಿರಿಯ ನಟಿಯರಾದ ಮಹ್ಸಾ ರೊಸ್ತಾಮಿ, ಸೆತಾರೆ ಮಾಲೆಕಿ, ನಿಯೂಷಾ ಅಖ್ಷಿ ದೇಶ ಬಿಟ್ಟರು. ಎಲ್ಲರಿಗೂ ಅದು ಸಾಧ್ಯವಿಲ್ಲ. ಪ್ರಸಿದ್ಧ ನಿರ್ದೇಶಕನಿಗೆ ಬಾಗಿಲು ತೆರೆಯುವ ದೇಶಗಳು ಲೈಟ್ ಹಿಡಿದವನಿಗೆ, ಧ್ವನಿ ರೆಕಾರ್ಡ್ ಮಾಡಿದವನಿಗೆ ಅಷ್ಟು ಬೇಗ ತೆರೆಯುವುದಿಲ್ಲ. ನಿರ್ದೇಶಕ ಕೈಗೆ ಸಿಗದಿದ್ದಾಗ ಸರ್ಕಾರ ಸಿಕ್ಕವರನ್ನು ಹಿಡಿಯುತ್ತದೆ. ಮುಂದಿನ ಸಲ ಇಂಥ ಸಿನಿಮಾಗೆ ಯಾರೂ ಬರಬಾರದು ಅನ್ನುವುದೇ ಅದರ ಉದ್ದೇಶ.

ಕೆಲವರು ಇದಕ್ಕೆ ರಸೂಲೊಫ್‌ರನ್ನೇ ದೂರುತ್ತಾರೆ, ತಾನು ಪಾರಾಗಿ ಬೇರೆಯವರನ್ನು ಸಿಕ್ಕಿಸಿದ ಅಂತ. ಇದನ್ನು ನಾನು ಒಪ್ಪಲ್ಲ. ಆ ನಟರು ಏನೂ ಗೊತ್ತಿಲ್ಲದೆ ಬಂದ ಮಕ್ಕಳಲ್ಲ. ಅಪಾಯ ಎಷ್ಟು ಅಂತ ತಿಳಿದೇ ಒಪ್ಪಿಕೊಂಡವರು. ಅವರ ಧೈರ್ಯವನ್ನು ನಿರ್ದೇಶಕನ ತಪ್ಪು ಅಂದುಬಿಟ್ಟರೆ ಆ ಧೈರ್ಯವನ್ನೇ ಕಿತ್ತುಕೊಂಡ ಹಾಗೆ. ತಪ್ಪು ಶಿಕ್ಷೆ ಕೊಡುವವರದು.

ಆಸ್ಕರ್ ವಿಷಯ ಇನ್ನೊಂದು ಬಗೆಯ ತೊಡಕು. ಅಂತಾರಾಷ್ಟ್ರೀಯ ಸಿನಿಮಾ ವಿಭಾಗಕ್ಕೆ ಆಗ ಒಂದು ದೇಶದಿಂದ ಒಂದೇ ಸಿನಿಮಾ, ಅದನ್ನು ಆ ದೇಶದ ಸಮಿತಿಯೇ ಆರಿಸಬೇಕಿತ್ತು. ನಿಷೇಧಿತ ನಿರ್ದೇಶಕನ ಸಿನಿಮಾವನ್ನು ಇರಾನ್ ಯಾಕೆ ಕಳಿಸುತ್ತದೆ? ನಿರ್ಮಾಣದಲ್ಲಿ ಜರ್ಮನಿಯ ಹಣ, ಕಂಪನಿ ಇದ್ದದ್ದರಿಂದ ಜರ್ಮನಿ ಕಳಿಸಿತು. ಪೂರ್ತಿ ಪರ್ಷಿಯನ್ ಭಾಷೆಯ ಸಿನಿಮಾ ಜರ್ಮನಿಯ ಹೆಸರಿನಲ್ಲಿ ಕೊನೆಯ ಐದರಲ್ಲಿ ನಿಂತಿತು. 2025ರ ಮಾರ್ಚ್‌ನಲ್ಲಿ ಪ್ರಶಸ್ತಿ ಬ್ರೆಜಿಲ್‌ಗೆ ಹೋಯಿತು. ಜರ್ಮನಿ ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಹೊರಗಿನ ದೇಶದ ಹಣ ಸಿಗದ ನಿರ್ದೇಶಕನಿಗೆ ಈ ದಾರಿಯೂ ಇರಲಿಲ್ಲ. ಸರ್ವಾಧಿಕಾರದ ಸರ್ಕಾರಗಳಿಗೆ ಇಷ್ಟು ದೊಡ್ಡ ಅಧಿಕಾರ ಕೊಡುವ ಇಂಥ ನಿಯಮ ಇರಬಾರದು.

ಮೊದಲು ಹೋದವರ ದಾರಿ ನೋಡಿದರೆ ಮುಂದೇನು ಅನ್ನುವುದರ ಸುಳಿವು ಸ್ವಲ್ಪ ಸಿಗುತ್ತದೆ. ಹೆಸರಾಂತ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ 1979ರ ಇಸ್ಲಾಮಿಕ್ ಕ್ರಾಂತಿಯ ನಂತರವೂ ಇರಾನ್ ಬಿಡಲಿಲ್ಲ. ಬೇರೂರಿದ ಮರವನ್ನು ಕಿತ್ತು ಬೇರೆ ಕಡೆ ನೆಟ್ಟರೆ ಹಣ್ಣು ಬಿಡಲ್ಲ ಅನ್ನುವುದು ಅವರ ಮಾತಿನ ಅರ್ಥವಾಗಿತ್ತು. ಬಿಟ್ಟ ನಿರ್ದೇಶಕರ ಅನುಭವ ಬೇರೆ ಬೇರೆ. ಸೊಹ್ರಾಬ್ ಶಾಹಿದ್ ಸಾಲೆಸ್ 1970ರ ದಶಕದಲ್ಲೇ ಜರ್ಮನಿಗೆ ಹೋದರು. ಅಲ್ಲಿ ಅವರು ಮೊದಲು ಮಾಡಿದ ಸಿನಿಮಾ ಟರ್ಕಿಯಿಂದ ಬರ್ಲಿನ್‌ಗೆ ದುಡಿಯಲು ಬಂದವನ ಒಂಟಿತನದ ಮೇಲೆ. ತನ್ನ ಜನ ಸಿಗದಿದ್ದಾಗ ತನ್ನ ಹಾಗೇ ಊರು ಬಿಟ್ಟವರನ್ನು ನೋಡಿದರು. ಅಮೀರ್ ನಾದೆರಿ ನ್ಯೂಯಾರ್ಕ್ ಸೇರಿ ಅಲ್ಲಿನ ಬೀದಿಗಳನ್ನೇ ಸಿನಿಮಾ ಮಾಡಿದರು.

ರಸೂಲೊಫ್‌ಗೆ ಹೆಚ್ಚು ಹತ್ತಿರ ಅನಿಸುವುದು ಟರ್ಕಿಯ ನಿರ್ದೇಶಕ ಯಿಲ್ಮಾಜ್ ಗ್ಯುನೆ. ಗ್ಯುನೆ ಜೈಲಿನಲ್ಲಿದ್ದಾಗಲೇ ವಿವರವಾಗಿ ಬರೆದುಕೊಟ್ಟು, ಹೊರಗಿದ್ದ ಶೆರಿಫ್ ಗೊರೆನ್ ಕೈಯಲ್ಲಿ 'ಯೊಲ್' ಶೂಟ್ ಮಾಡಿಸಿದರು. 1981ರಲ್ಲಿ ತಪ್ಪಿಸಿಕೊಂಡು ಯುರೋಪಿಗೆ ಹೋಗಿ ಎಡಿಟ್ ಮಾಡಿದರು. 1982ರಲ್ಲಿ ಕಾನ್‌ನ ಅತಿ ದೊಡ್ಡ ಪ್ರಶಸ್ತಿಯಲ್ಲಿ ಅದಕ್ಕೂ ಪಾಲು ಸಿಕ್ಕಿತು. ಆಮೇಲೆ ಫ್ರಾನ್ಸ್‌ನಲ್ಲಿ ಟರ್ಕಿಯ ಜೈಲನ್ನೇ ಮತ್ತೆ ಕಟ್ಟಿ ಇನ್ನೊಂದು ಸಿನಿಮಾ ಮಾಡಿದರು. 1984ರಲ್ಲಿ ಪ್ಯಾರಿಸ್‌ನಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊರಗೆ ಅವರಿಗೆ ಸಿಕ್ಕದ್ದು ಮೂರೇ ವರ್ಷ.

ಜಾಫರ್ ಪನಾಹಿ ಇನ್ನೊಂದು ದಾರಿ ಹಿಡಿದರು. 2025ರ ಮೇನಲ್ಲಿ ಕಾನ್‌ನ ಅದೇ ಅತಿ ದೊಡ್ಡ ಪ್ರಶಸ್ತಿ ಪಾಮ್ ಡಿ'ಓರ್ ಗೆದ್ದು ಎರಡೇ ದಿನಕ್ಕೆ ಟೆಹ್ರಾನ್‌ಗೆ ಮರಳಿದರು. ಆ ಸಿನಿಮಾದ ಕತೆಯೂ ಹಿಂದೆ ತಮ್ಮನ್ನು ಹಿಂಸಿಸಿದವನು ಇವನೇ ಇರಬಹುದೆಂದು ಒಬ್ಬನನ್ನು ಹಿಡಿದುಕೊಳ್ಳುವ ಮಾಜಿ ಕೈದಿಗಳದ್ದು. ಡಿಸೆಂಬರ್‌ನಲ್ಲಿ, ಪನಾಹಿ ಹೊರದೇಶದಲ್ಲಿದ್ದಾಗ, ಅವರಿಗೆ ಮತ್ತೆ ಒಂದು ವರ್ಷ ಜೈಲು ಎಂಬ ತೀರ್ಪು ಬಂತು. ಹೋದವರು ಸರಿಯೋ ಉಳಿದವರು ಸರಿಯೋ ಎಂದು ತೂಗುವುದು ಹೊರಗೆ ಕೂತವರ ಕೆಲಸ ಅಲ್ಲ. ಒಬ್ಬರನ್ನು ಇನ್ನೊಬ್ಬರ ವಿರುದ್ಧ ನಿಲ್ಲಿಸಿದರೆ ಲಾಭ ಆಗುವುದು ಇಬ್ಬರನ್ನೂ ಶಿಕ್ಷಿಸಿದ ಸರ್ಕಾರಕ್ಕೆ. ಅವರಿಬ್ಬರೂ ಹಾಗೆ ನೋಡುತ್ತಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ಶುರುವಾದಾಗ, ಯುದ್ಧ ನಿಲ್ಲಿಸಿ, ಯುರೇನಿಯಂ ಸಂಸ್ಕರಣೆ ನಿಲ್ಲಿಸಿ ಎಂಬ ಹೇಳಿಕೆಗೆ ನೊಬೆಲ್ ಶಾಂತಿ ಪುರಸ್ಕೃತರಾದ ನರ್ಗಿಸ್ ಮೊಹಮ್ಮದಿ, ಶಿರೀನ್ ಎಬಾದಿ ಜೊತೆ ಪನಾಹಿಯೂ ರಸೂಲೊಫ್ ಕೂಡ ಸಹಿ ಹಾಕಿದರು.

ರಸೂಲೊಫ್ ಸುಮ್ಮನೆ ಕೂತಿಲ್ಲ. 2025ರಲ್ಲಿ ಬರ್ಲಿನ್‌ನಲ್ಲಿ ಒಂದು ನಾಟಕ ಆಡಿಸಿದರು. ತಮ್ಮ ಸಿನಿಮಾದಲ್ಲಿ ನಟಿಸಿ ದೇಶ ಬಿಟ್ಟ ಆ ಕಿರಿಯ ನಟಿಯರೇ ಅದರಲ್ಲಿದ್ದರು. ರಾಟರ್‌ಡ್ಯಾಮ್ ಚಿತ್ರೋತ್ಸವ ಮತ್ತು ನಟಿ ಕೇಟ್ ಬ್ಲಾಂಚೆಟ್ ಸೇರಿ ಊರು ಬಿಟ್ಟ ನಿರ್ದೇಶಕರಿಗಾಗಿ ಒಂದು ನಿಧಿ ಶುರು ಮಾಡಿದ್ದಾರೆ. ಮೊದಲ ಸುತ್ತಿನಲ್ಲಿ ಐದು ಜನರಿಗೆ ತಲಾ ಒಂದು ಲಕ್ಷ ಯೂರೊ ಸಿಕ್ಕಿತು. ಅವರಲ್ಲಿ ರಸೂಲೊಫ್ ಒಬ್ಬರು. ಆ ಹಣದಲ್ಲಿ ಅವರು ಆರಿಸಿಕೊಂಡ ಕಿರುಚಿತ್ರದ ವಿಷಯ ಹೊಸ ದೇಶದಲ್ಲಿ, ಹೊಸ ಭಾಷೆಯ ಜೊತೆ ಒದ್ದಾಡುವ ಒಬ್ಬ ಇರಾನಿ ಲೇಖಕ.

ಇದನ್ನು ನಾನು ಒಳ್ಳೆಯ ಸೂಚನೆ ಅಂದುಕೊಂಡಿದ್ದೇನೆ. ಇಷ್ಟು ವರ್ಷ ರಸೂಲೊಫ್ ನೋಡಿದ್ದು ಆಜ್ಞೆ ಪಾಲಿಸುವವರನ್ನು. ಆ ಜನ ಈಗ ಎದುರಿಗೆ ಸಿಗುವುದಿಲ್ಲ. ಟೆಹ್ರಾನ್ ಮನೆಯನ್ನು ಹ್ಯಾಂಬರ್ಗ್‌ನ ಸ್ಟುಡಿಯೊದಲ್ಲಿ ಕಟ್ಟಿ ಹಳೆಯ ಸಿನಿಮಾವನ್ನೇ ಮತ್ತೆ ಮಾಡಬಹುದಿತ್ತು. ಉತ್ಸವಗಳು ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದವು. ಅದರ ಬದಲು ತಮ್ಮ ಎದುರಿಗೇ ಇರುವ ಮುಖದಿಂದ, ಅಂದರೆ ಊರು ಬಿಟ್ಟವನ ಮುಖದಿಂದ ಶುರು ಮಾಡಿದ್ದಾರೆ. ಅವರ ಹಳೆಯ ಅಭ್ಯಾಸಕ್ಕೆ ಇದು ಸರಿಯಾಗಿ ಹೊಂದುತ್ತದೆ. ಇನ್ನು ಉತ್ಸವಗಳ ಮಾತು. ನಿರ್ದೇಶಕರಿಗೆ ಲಕ್ಷ ಯೂರೊ ಕೊಡಬಲ್ಲವರು ಟೆಹ್ರಾನ್‌ನಲ್ಲಿ ಕೇಸು ಎದುರಿಸುತ್ತಿರುವ ಛಾಯಾಗ್ರಾಹಕರಿಗೆ ವಕೀಲರ ಖರ್ಚು, ಹೊರಬರಲು ಬಯಸುವ ಸೌಂಡ್ ತಂತ್ರಜ್ಞರಿಗೆ ವೀಸಾದ ಕಾಗದ ಕೊಡಿಸುವ ಕೆಲಸವನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕು. ಸಿನಿಮಾವನ್ನು ಸ್ಪರ್ಧೆಗೆ ಆರಿಸುವ ದಿನವೇ ಆ ಕೆಲಸವೂ ಶುರುವಾಗಬೇಕು.